ಹರಳೆಣ್ಣೆಯಲ್ಲಿ ಹೊಳೆದ ಹನಿ

ಟೀಚರ್‌ಗೆ ಬಲಗಡೆಯ ಹುಬ್ಬು ಅರ್ಧವೇ ಇತ್ತು. ಉಳಿದರ್ಧ ಕಾದ ಎಣ್ಣೆ ಸಿಡಿದು ಸುಟ್ಟುಹೋಗಿತ್ತು. ಪುಲ್ಪಳ್ಳಿ ಹತ್ತಿರದ ಹೈಸ್ಕೂಲಿನಲ್ಲಿ ಅವರು ವಿಜ್ಞಾನ ಕಲಿಸುತ್ತಿದ್ದರು. ನಾನು ಪ್ರಯೋಗಶಾಲೆಯ ಅಟೆಂಡರ್. ಪಾಠ ಮಲಯಾಳದಲ್ಲಿ. ಅವರ ತವರು ಗುಂಡ್ಲುಪೇಟೆ ಕಡೆ, ನನ್ನದು ಚೇಕಾಡಿ. ಮಕ್ಕಳು ಮನೆಗೆ ಹೋದ ಮೇಲೆ ನಾವಿಬ್ಬರೂ ಕನ್ನಡಕ್ಕೆ ಇಳಿಯುತ್ತಿದ್ದೆವು.

ಸಂಜೆ ಅವರಿಗೆ ಒಂದೇ ಹುಚ್ಚು. ಸೀಸ, ತವರ ಬೆರೆತ ಬೆಸುಗೆ ತಂತಿಯನ್ನು ಕಾದ ಹರಳೆಣ್ಣೆಯಲ್ಲಿ ಕರಗಿಸಿ, ಮೆಣಸಿನ ಕಾಳಿನಷ್ಟು ಹನಿ ಮಾಡಿ, ಒಲೆ ಆರಿಸಿ ನೋಡುತ್ತ ಕೂರುವುದು. ಥರ್ಮಾಮೀಟರ್ ಇಳಿಯುತ್ತಿತ್ತು. ಹೆಪ್ಪುಗಟ್ಟಬೇಕಾದ ಬಿಸಿಗಿಂತ ಕೆಳಗೆ ಬಂದರೂ ಕೆಲವು ಹನಿಗಳು ದ್ರವವಾಗಿಯೇ, ಕನ್ನಡಿಯಂತೆ ಹೊಳೆಯುತ್ತಿದ್ದವು.

"ಬೆಂಚು ಅಲ್ಲಾಡುಸ್ಬೇಡ ಕಣಪ್ಪಾ. ಹೊತ್ತು ಮೀರಿದೆ, ಆದ್ರೂ ಗಟ್ಟಿ ಆಗ್ಲಿಲ್ಲ ನೋಡು. ಮೊದಲನೇ ಹರಳು ಹುಟ್ಟೋಕೆ ಒಳಗೆ ಒಂದು ಚೂರು ಕಸಾನೂ ಸಿಕ್ಕಿಲ್ಲ ಅದಕ್ಕೆ."

ಕಣ್ಣು ಮಿಟುಕಿಸುವಷ್ಟರಲ್ಲಿ ಹನಿ ಗಟ್ಟಿಯಾಗಿ ಮಂಕಾಗುತ್ತಿತ್ತು. ಅದನ್ನು ಕತ್ತರಿಸಿ, ಉಜ್ಜಿ, ಆಸಿಡ್ ಸವರಿ, ಪಕ್ಕದಿಂದ ಟಾರ್ಚ್ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನನಗೆ ತೋರಿಸುತ್ತಿದ್ದರು. ಸಾವಕಾಶವಾಗಿ ಗಟ್ಟಿಯಾದದ್ದರೊಳಗೆ ಜರಿಗಿಡದಂಥ ದಪ್ಪ ಕವಲುಗಳು. ಹೊತ್ತು ಮೀರಿ ಕಾದು ಒಮ್ಮೆಲೇ ಗಟ್ಟಿಯಾದದ್ದರೊಳಗೆ ರಾಗಿಹಿಟ್ಟಿನಂಥ ಸಣ್ಣ ಕಣಗಳು.

ಕೆಲಸ ಮುಗಿದ ಮೇಲೆ ಕತ್ತರಿಸದೆ ಉಳಿದ ಹನಿಗಳನ್ನು ನಾನು ಕೇಳಿ ಒಯ್ಯುತ್ತಿದ್ದೆ. ಸೀಳಿ ಮೀನುಬಲೆಯ ಅಂಚಿಗೆ ಒತ್ತಿ ಕೂರಿಸಿದರೆ, ಮರಕ್ಕಡವು ಊರಿನ ಬಳಿ ಕಬಿನಿ ಹೊಳೆಯಲ್ಲಿ ಬಲೆ ಚೆನ್ನಾಗಿ ತಳ ಹಿಡಿಯುತ್ತಿತ್ತು.

ಅವು ಭೂಮಿಗಾಗಿ ಜನ ಎದ್ದು ನಿಂತಿದ್ದ ವರ್ಷಗಳು. ನಕ್ಸಲರು ಪೊಲೀಸರ ಮೇಲೆ ಬಿದ್ದ ಮೇಲೆ ಮನೆಮನೆ ಶೋಧ ನಡೆಯಿತು. ನನ್ನ ಭಾವ ಆಗಲೇ ಅವರ ಜೊತೆ ಕಾಡು ಸೇರಿದ್ದ. ನಮ್ಮ ಮನೆಯಲ್ಲಿ ಸಿಕ್ಕಿದ್ದು ತೆಂಗಿನ ಚಿಪ್ಪಿನ ತುಂಬ ಆ ಹನಿಗಳು. ನಾಡಬಂದೂಕಿಗೆ ತುಂಬುವ ಚರೆಗುಂಡು ಎಂದರು. ಪೊಲೀಸ್ ಕ್ಯಾಂಪಿನಲ್ಲಿ ನನ್ನ ಅಂಗಾಲಿಗೆ ಹೊಡೆದರು. ಅದರ ಬಗ್ಗೆ ಇಷ್ಟೇ ಬರೆಯಬಲ್ಲೆ.

ಮರುದಿನ ಟೀಚರ್ ಸೂಕ್ಷ್ಮದರ್ಶಕದ ಪೆಟ್ಟಿಗೆಯನ್ನು ಮಗುವಿನಂತೆ ಎತ್ತಿಕೊಂಡು ಕ್ಯಾಂಪಿಗೆ ಬಂದರು. ಇನ್ಸ್‌ಪೆಕ್ಟರ್ ನಕ್ಕು ಮಲಯಾಳದಲ್ಲಿ, "ಏನು ಟೀಚರೇ, ಇಲ್ಲೇ ಕ್ಲಾಸು ತೆಗೀತೀರಾ?" ಎಂದರು.

"ಹೂಂ ಸಾರ್. ಬೆಳಕಿರೋ ಕಡೆ ಒಂದು ಮೇಜು ಕೊಡಿ."

ಚಿಪ್ಪಿನದೊಂದು, ತಾವು ತಂದಿದ್ದ ಸೀಸೆಯದೊಂದು, ಪೊಲೀಸರು ಬೇರೆಲ್ಲೋ ಹಿಡಿದಿದ್ದ ಅಂಗಡಿ ಚರೆಯೊಂದು, ಹೀಗೆ ಮೂರನ್ನು ಕತ್ತರಿಸಿ ಉಜ್ಜಿದರು. ಮೊದಲೆರಡರೊಳಗೆ ಅದೇ ರಾಗಿಹಿಟ್ಟು. ಅಂಗಡಿಯದು ಒರಟು. "ಇವು ನನ್ನ ಎಣ್ಣೆಯಲ್ಲಿ ಹುಟ್ಟಿದ್ದು ಸಾರ್. ಇವನಿಗೆ ಕೊಟ್ಟೋಳೂ ನಾನೇ, ಬಲೆಗೆ ಅಂತ."

"ಬಂದೂಕಿಗೆ ಹಾಕಿದರೆ ಹಾರಲ್ವಾ?"

ಇಲ್ಲ ಎನ್ನಿ ಟೀಚರ್ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಅವರು ಅರ್ಧ ಹುಬ್ಬನ್ನು ಉಜ್ಜಿಕೊಂಡರು.

"ಹಾರುತ್ತೆ. ಆದರೆ ಮಾಡಿದ್ದು ನಾನು. ಹಾಗೇ ಬರ್ಕೊಳ್ಳಿ."

ಇನ್ಸ್‌ಪೆಕ್ಟರ್ ನಗಲಿಲ್ಲ. ಬಗ್ಗಿ ಬಹಳ ಹೊತ್ತು ನೋಡಿದರು. ಕೊನೆಗೆ, "ಇಷ್ಟು ಸಣ್ಣ ಕಣ ಹೇಗಾಗುತ್ತೆ?" ಎಂದರು. ಟೀಚರ್ ಎಲ್ಲಿದ್ದೇವೆಂಬುದನ್ನೇ ಮರೆತು ವಿವರಿಸತೊಡಗಿದರು. ಸಂಜೆ ನನ್ನನ್ನು ಬಿಟ್ಟರು.

ನಾನು ಕುಂಟುತ್ತ ಕೇಳಿದೆ: "ಹಾರಲ್ಲ ಅಂದುಬಿಡಬಹುದಿತ್ತಲ್ಲ ಟೀಚರ್?"

"ಅಂದಿದ್ರೆ ಅಲ್ಲೇ ಒಂದು ಹೊಡೆದು ನೋಡ್ತಿದ್ದ. ಆಮೇಲೆ ರಾಗಿಹಿಟ್ಟನ್ನ ಯಾರು ನಂಬ್ತಿದ್ರು, ಪೆದ್ದ?"

ಗಲಾಟೆಗೆ ಮುಚ್ಚಿದ್ದ ಶಾಲೆ ಮತ್ತೆ ತೆರೆಯುವ ಮೊದಲೇ ಅವರಿಗೆ ವರ್ಗವಾಯಿತು, ಪ್ರಯೋಗಶಾಲೆಯೇ ಇಲ್ಲದ ಊರಿಗೆ. ಅವರು ಅದನ್ನು ನನ್ನ ಲೆಕ್ಕಕ್ಕೆ ಎಂದೂ ಹಚ್ಚಲಿಲ್ಲ. ನಾನು ಹಚ್ಚಿಕೊಂಡೇ ಇದ್ದೇನೆ.

ಅವರು ತೀರಿಕೊಂಡ ಸುದ್ದಿ ಬಂದ ದಿನ ಹಳೆಯ ಬಲೆಯಿಂದ ಅವರ ಒಂದು ಹನಿಯನ್ನು ಬಿಚ್ಚಿಟ್ಟುಕೊಂಡೆ. ಒಳಗೆ ಕವಲಿದೆಯೋ ಕಣವಿದೆಯೋ ನೋಡಲು ಆಸೆ. ಕತ್ತರಿಸಲು ಮನಸ್ಸಿಲ್ಲ. ಟೀಚರ್ ಇದ್ದಿದ್ದರೆ, ಗರಗಸ ಕೊಡಪ್ಪಾ ಇಲ್ಲಿ ಎನ್ನುತ್ತಿದ್ದರು.