ನಾಲ್ಕು ಗಂಟೆ ಎಂದು ಬರೆದ ದೀಪ

ಕಸ್ತೂರಿ ಹಣೆಗೆ ಕಟ್ಟಿಕೊಳ್ಳುವ ಹೆಡ್‌ಲ್ಯಾಂಪ್ ಹನ್ನೊಂದು ಗಂಟೆ ಉರಿದಿತ್ತು. ನಾಲ್ಕೇ ಗಂಟೆ ಉರಿಯಿತೆಂದು ನಾನು ಬರೆದೆ. ಕೈತಪ್ಪಿ ಬರೆದದ್ದಲ್ಲ — ಗಡಿಯಾರ ನೋಡಿ, ದಿನಾಂಕ ಹಾಕಿ, ಕೆಳಗೆ ಗೆರೆ ಎಳೆದು ಬರೆದದ್ದು. 2014ರ ನವೆಂಬರ್ 16, ಭಾನುವಾರ. ಇವತ್ತಿಗೆ ಮೂರು ವರ್ಷ ಏಳು ತಿಂಗಳಾಯಿತು.

ಯಲಹಂಕದ ನಮ್ಮ ಚಾರಣದ ಗುಂಪನ್ನು ನಡೆಸುತ್ತಿದ್ದವರು ಪ್ರಕಾಶಣ್ಣ. ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸ. ಬೆನ್ನಿನ ಚೀಲದಲ್ಲಿ ಏನೇನು ಹೋಗಬೇಕು, ಯಾವುದರ ತೂಕ ಎಷ್ಟು ಎಂಬ ಪಟ್ಟಿ ನನ್ನದು. ಆಗಲೇ ಎರಡು ವರ್ಷದಿಂದ ನನ್ನದೇ. ಹೊಸ ದೀಪ ಪಟ್ಟಿಗೆ ಸೇರಬೇಕಾದರೆ ಒಂದು ಪರೀಕ್ಷೆಯಿತ್ತು. ಹೊಸ ಸೆಲ್ ಹಾಕಿ ಕತ್ತಲೆ ಕೋಣೆಯಲ್ಲಿ ಹಚ್ಚಿಡುವುದು, ಒಂದು ಮೊಳ ದೂರದಲ್ಲಿಟ್ಟ ಪಂಚಾಂಗದ ಸಣ್ಣಕ್ಷರ ಓದಲಾಗದ ಹೊತ್ತಿಗೆ ದೀಪ ಮುಗಿಯಿತೆಂದು ಬರೆಯುವುದು. ನಮ್ಮ ಮನೆಯ ಉಗ್ರಾಣಕ್ಕೆ ಕಿಟಕಿಯಿಲ್ಲ. ಹಾಗಾಗಿ ಪರೀಕ್ಷೆಯೂ ನನ್ನದೇ.

ಕಸ್ತೂರಿ ಜುಲೈನಲ್ಲಿ ಬಂದಳು. ಗದಗದ ಹುಡುಗಿ. ಯಶವಂತಪುರದ ಕಾರ್ಖಾನೆಯೊಂದರ ಕಚೇರಿಯಲ್ಲಿ ಕೆಲಸ, ಗಂಗಾನಗರದ ಪೀಜಿಯಲ್ಲಿ ವಾಸ. ಮೂರನೆಯ ಚಾರಣದಲ್ಲಿ ನಾನು ಆರಿಸಿ ತಂದಿದ್ದ ಟೆಂಟಿನ ಲಾಟೀನನ್ನು ಕೈಯಲ್ಲಿ ತೂಗಿ ನೋಡಿದಳು. ಅದು ಮುನ್ನೂರ ನಲವತ್ತು ಗ್ರಾಂ.

"ಅಲ್ರೀ ಪವಿತ್ರಾ, ಇಷ್ಟ್ ಭಾರ ಯಾಕ್ ಹೊರ್ತೀರಿ? ಇದನ್ನ ನೋಡ್ರಿ."

ತನ್ನ ಹೆಡ್‌ಲ್ಯಾಂಪನ್ನು ನೀರು ತುಂಬಿದ ಬಾಟಲಿಗೆ, ಬೆಳಕು ಒಳಮುಖವಾಗುವಂತೆ ಕಟ್ಟಿದಳು. ಇಡೀ ಟೆಂಟು ಹಾಲು ಚೆಲ್ಲಿದಂತೆ ಬೆಳಗಿತು. ಅದರ ತೂಕ ಎಪ್ಪತ್ತೆಂಟು ಗ್ರಾಂ, ಸೆಲ್ ಸೇರಿ.

"ಪವಿ, ನಿನ್ ಲಾಟೀನು ಯಾವ್ದಾದ್ರೂ ಮದ್ವೆ ಮನೆಗೆ ಕೊಟ್ಬಿಡು ಗುರು," ಎಂದ ಗುಂಪಿನ ಹರೀಶ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕದ್ದು ಎಷ್ಟು ಕಷ್ಟವಾಯಿತೆಂದರೆ —

ಆ ತಿಂಗಳಿಂದ ನನ್ನ ಡೈರಿಯ ಕೊನೆಯ ಪುಟದಲ್ಲಿ ಇನ್ನೊಂದು ಲೆಕ್ಕ ಶುರುವಾಯಿತು. ಹೇಳಲು ನಾಚಿಕೆಯಾಗುತ್ತದೆ. ಪ್ರಕಾಶಣ್ಣ ಯಾರಿಗೆ ಎಷ್ಟು ಸಲ "ಶಭಾಷ್" ಅಂದರು ಎಂಬ ಲೆಕ್ಕ. ಅಕ್ಟೋಬರಿನಲ್ಲಿ ಕಸ್ತೂರಿಗೆ ಏಳು, ನನಗೆ ಎರಡು. ಎರಡರಲ್ಲಿ ಒಂದು ಚಹಾ ಮಾಡಿದ್ದಕ್ಕೆ.

ಡಿಸೆಂಬರಿನಲ್ಲಿ ಹಿಮಾಲಯಕ್ಕೆ ಎಂಟು ದಿನದ ಚಾರಣವಿತ್ತು. ಸಾಲಿನ ಕೊನೆಯಲ್ಲಿ ನಡೆದು ಎಲ್ಲರನ್ನೂ ನೋಡಿಕೊಳ್ಳಲು ಪ್ರಕಾಶಣ್ಣನಿಗೆ ಒಬ್ಬರು ಬೇಕಿತ್ತು. ಅದೊಂದೇ ಜಾಗ ಉಳಿದಿತ್ತು. ನಾನು, ಇಲ್ಲವೇ ಕಸ್ತೂರಿ. "ಯಾರ ದೀಪ ಪಾಸಾಗುತ್ತೋ ಅವರು ಬನ್ನಿ, ಜಗಳ ಬೇಡ," ಎಂದರು ನಗುತ್ತಾ. ಅವರಿಗೆ ಅದು ತಮಾಷೆ. ಕಸ್ತೂರಿ ಆ ಎಂಟು ದಿನದ ರಜೆಗಾಗಿ ದೀಪಾವಳಿಗೆ ಊರಿಗೇ ಹೋಗಿರಲಿಲ್ಲ. ಅದು ನನಗೆ ಗೊತ್ತಿತ್ತು.

ಬೆಳಿಗ್ಗೆ ಆರಕ್ಕೆ ಅವಳ ದೀಪವನ್ನು ಉಗ್ರಾಣದಲ್ಲಿ ಹಚ್ಚಿದೆ. ಏಳಕ್ಕೆ ನೋಡಿದೆ, ಎಂಟಕ್ಕೆ ನೋಡಿದೆ. ಹತ್ತಕ್ಕೆ ನೋಡಿದಾಗ ಏಕಾದಶಿಯ ಘಳಿಗೆಗಳವರೆಗೂ ಸ್ಪಷ್ಟವಾಗಿ ಓದಬಹುದಿತ್ತು. ನನ್ನ ಲಾಟೀನು ಒಂಬತ್ತು ಗಂಟೆ ಕಾಲ ಉರಿದು ಸತ್ತಿತ್ತು. ಇದು ಸಾಯುವ ಲಕ್ಷಣವೇ ಇರಲಿಲ್ಲ. ಬಾಗಿಲು ಎಳೆದುಕೊಂಡು ಹೊರಗೆ ಬಂದೆ. ನಡುಮನೆಯಲ್ಲಿ ಕೂತು ಬರೆದೆ: ನಾಲ್ಕು ಗಂಟೆ. ಆಮೇಲೆ ಒಳಗೆ ಹೋಗಿ ಅದನ್ನು ಆರಿಸುವ ಧೈರ್ಯ ಬರಲಿಲ್ಲ.

ಸಂಜೆ ಐದಕ್ಕೆ ಅಜ್ಜಿ ಉಗ್ರಾಣದಿಂದ ಕೂಗಿದಳು.

"ಅಗಲೊತ್ನಲ್ಲಿ ದೀಪ ಅಚ್ಚಿಟ್ಟು ಎಲ್ಲೋದ್ಯೇ? ಅದ್ರ ಬೆಳಕಲ್ಲೇ ಎರಡ್ ಸೇರು ಅಕ್ಕಿ ಆರ್ಸಾಯ್ತು ನೋಡು. ಒಂದ್ ಕಲ್ಲೂ ತಪ್ಪಿಲ್ಲ. ನಂಗೂ ಇಂತದ್ದೊಂದು ತಂದ್ಕೊಡೇ."

ನಾನು ದೀಪ ಆರಿಸಿದೆ. ಬರೆದದ್ದನ್ನು ಹೊಡೆದುಹಾಕಲಿಲ್ಲ.

ಮುಂದಿನ ಭಾನುವಾರ ಪುಟ್ಟೇನಹಳ್ಳಿ ಕೆರೆಯ ಪಕ್ಕ ಎಲ್ಲರೂ ಸೇರಿದಾಗ ಪ್ರಕಾಶಣ್ಣ ನನ್ನ ಪಟ್ಟಿಯನ್ನು ಓದಿದರು. ಕಸ್ತೂರಿ ಎದ್ದು ನಿಂತಳು.

"ನಾ ಪೀಜ್ಯಾಗ ಹಚ್ಚಿ ನೋಡಿದ್ನಿರಿ. ಹತ್ತು ತಾಸಿನ ಮ್ಯಾಲೆ ಇತ್ತು."

"ಪವಿ ಬುಕ್ಕಲ್ಲಿ ನಾಲ್ಕು ಅಂತಿದೆ ಕಣಮ್ಮಾ. ಪವಿ ಲೆಕ್ಕ ಯಾವತ್ತೂ ತಪ್ಪಲ್ಲ."

ಅವಳು ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಅನುಮಾನವಿದ್ದಿದ್ದರೆ ನಾನು ಒಪ್ಪಿಕೊಳ್ಳುತ್ತಿದ್ದೆನೇನೋ — ಇಲ್ಲ, ಅದೂ ಸುಳ್ಳು. ಅನುಮಾನ ಇರಲಿಲ್ಲ.

"ಹಂಗಾರ ನಂದ ತಪ್ಪಿರಬೇಕು ಬಿಡ್ರಿ. ಪವಿತ್ರಾ ಅವರು ಬರದಾರಂದ್ರ ಖರೇನ ಇರತೈತಿ. ಸುಮ್ನ ನಿಮ್ಮ ಟೈಮ್ ಹಾಳ ಮಾಡಿದ್ನಿ, ತಪ್ಪ ತಿಳ್ಕೋಬ್ಯಾಡ್ರಿ."

ಹೀಗೆ ಅವಳೇ ನನ್ನ ಕ್ಷಮೆ ಕೇಳಿದಳು. ಆಮೇಲೆ ಎರಡು ಚಾರಣಕ್ಕೆ ಬಂದಳು, ಮೂರನೆಯದಕ್ಕೆ ಬರಲಿಲ್ಲ. ಹಿಮಾಲಯಕ್ಕೆ ನಾನು ಹೋದೆ. ಎಂಟೂ ದಿನ ಸಾಲಿನ ಕೊನೆಯಲ್ಲಿ ನಡೆದೆ. ಅಲ್ಲಿ ಏನೇನು ನೋಡಿದೆನೆಂದು ಯಾರಾದರೂ ಕೇಳಿದರೆ ಇವತ್ತಿಗೂ ಮಾತು ಬದಲಿಸುತ್ತೇನೆ.

ಕಳೆದ ತಿಂಗಳು ಹೆಬ್ಬಾಳದ ಬಸ್‌ಸ್ಟಾಪಿನಲ್ಲಿ ಸಿಕ್ಕಳು. ಈಗಲೂ ಅದೇ ಪೀಜಿಯಂತೆ. ಚಾರಣಕ್ಕೆ ಹೋಗುತ್ತೀಯಾ ಎಂದು ಕೇಳಿದೆ — ಯಾಕೆ ಕೇಳಿದೆನೋ.

"ಇಲ್ರಿ, ಬಿಟ್ಟೇನಿ. ಒಂದ್ ಚಲೋ ದೀಪ ಆರ್ಸಾಕ ಬರಲಿಲ್ಲ, ಇನ್ನ ಗುಡ್ಡ ಏನ್ ಹತ್ತೂದು?" ಎಂದು ನಕ್ಕಳು.

ಅವಳ ಬಸ್ಸು ಬರಲು ಇನ್ನೂ ಆರು ನಿಮಿಷವಿತ್ತು. ಆರು ನಿಮಿಷವೂ ನಾನು ಅವಳ ಆಫೀಸಿನ ವಿಷಯ ಕೇಳುತ್ತಾ ನಿಂತೆ.

ಮೊನ್ನೆ ಭಾನುವಾರ ಪ್ರಕಾಶಣ್ಣನಿಗೂ ಗುಂಪಿಗೂ ಎಲ್ಲವನ್ನೂ ಹೇಳಿದೆ. ಪಟ್ಟಿಯ ಕೆಲಸ ಬೇರೆಯವರಿಗೆ ಹೋಯಿತು, ಹೋಗಬೇಕಾದದ್ದೇ. ಅಷ್ಟು ಜನರ ಮುಂದೆ ಹೇಳಿದ್ದು ಕಷ್ಟವಾಗಲಿಲ್ಲ, ಅವರಲ್ಲಿ ಯಾರ ಚಾರಣವನ್ನೂ ನಾನು ಕಸಿದುಕೊಂಡಿರಲಿಲ್ಲ.

ನಾಳೆ ಗಂಗಾನಗರಕ್ಕೆ ಹೋಗುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ — ಕೇಳಿದರೆ ಅವಳು ಆ ಕ್ಷಣವೇ ಕ್ಷಮಿಸಿಬಿಡುತ್ತಾಳೆ, ನನಗೆ ಚಹಾ ಕೂಡ ತರಿಸುತ್ತಾಳೆ. ನೀನು ಆರಿಸಿಕೊಂಡ ದೀಪ ಸರಿಯಿತ್ತು, ನಾನು ಗೊತ್ತಿದ್ದೇ ಸುಳ್ಳು ಬರೆದೆ ಎಂದಷ್ಟೇ ಹೇಳಬೇಕು. ಆಮೇಲೆ ಅವಳು ಏನಂದರೂ, ಏನೂ ಅನ್ನದಿದ್ದರೂ, ಅಲ್ಲಿ ನಿಂತಿರಬೇಕು.