ಹಲ್ಲಿನ ಸಂದಿಗೊಂದು ರೇಷ್ಮೆ ದಾರ

ಹೋದ ತಿಂಗಳು ನನ್ನ ಮಗಳು ಬಾಯಿ ಮುಚ್ಚಿಕೊಂಡಳು. ಹಗಲೆಲ್ಲ ಪಟಪಟ ಮಾತಾಡುವ ಒಂಬತ್ತು ವರ್ಷದ ಶಾಂತಾ ತುಟಿ ಬಿಗಿದು ಕೂತರೆ ಏನರ್ಥ? ನನ್ನ ಕೈಯಲ್ಲಿ ದಾರ ಇದೆ ಎಂದರ್ಥ!

ಅದಕ್ಕೂ ಮೊದಲು ಅವಳ ದವಡೆ ಬಾತಿತ್ತು. ಎರಡು ದಿನ ಶಾಲೆ ತಪ್ಪಿತು. ರೊಟ್ಟಿ ಅಗಿಯಲಾಗದೆ ಬರೀ ಅಂಬಲಿ ಕುಡಿದಳು. ವಿಜಾಪುರದ ಹಲ್ಲಿನ ಡಾಕ್ಟರು ಔಷಧ ಹಚ್ಚಿ, "ಬ್ರಶ್ ಹಲ್ಲಿನ ಮಾರಿ ತೊಳಿತದರಿ, ಸಂದ್ಯಾಗಿಂದು ಅಲ್ಲೇ ಉಳಿತದ. ದಿನಾ ರೇಷ್ಮಿ ದಾರ ಆಡಸ್ರಿ. ಇಲ್ಲಾಂದ್ರ ಮುಂದಿನ ಸರ್ತಿ ಕೀಳೂದ," ಎಂದರು.

ದಾರ ತಂದೆ. ಬೆಳಿಗ್ಗೆ ಒಲೆಯ ಮೇಲೆ ಚಹಾ, ಬಾಗಿಲಲ್ಲಿ ಹಾಲಿನವನು, ಯಜಮಾನರ ಆಫೀಸ್ ಟೈಮ್. ಆ ಗಡಿಬಿಡಿಯಲ್ಲೇ ಎಳೆದೆ. ಒಸಡಿನಲ್ಲಿ ರಕ್ತ. ಮರುದಿನ ಬಾಯಿ ಬಂದ್! ಪೆಪ್ಪರಮೆಂಟಿನ ಆಸೆ ತೋರಿಸಿದೆ. (ಹಲ್ಲು ಉಳಿಸಲು ಪೆಪ್ಪರಮೆಂಟು! ಡಾಕ್ಟರಿಗೆ ಹೇಳಬೇಡಿ.) ಮೂರನೆಯ ದಿನ ಕೈ ಎತ್ತಿಯೇಬಿಟ್ಟೆ. ಹೊಡೆಯಲಿಲ್ಲ. ಆದರೆ ಅವಳು ಹೆದರಿ ಕಣ್ಣು ಮುಚ್ಚಿದ್ದನ್ನು ನೋಡಿದೆನಲ್ಲ, ಸಾಕಾಯಿತು.

ಅಂದೇ ಹೊನವಾಡದಿಂದ ನಮ್ಮ ಅತ್ತೆ ಬಸ್ಸಿನಲ್ಲಿ ಬಂದರು. ಸಂಗತಿ ಕೇಳಿದರು. ಯಾರನ್ನೂ ಬಯ್ಯಲಿಲ್ಲ. ಊಟವಾದ ಮೇಲೆ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಮೊಮ್ಮಗಳನ್ನು ಕರೆದರು.

"ಶಾಂತವ್ವಾ, ನನ್ನ ಹಲ್ಲಾಗ ತೊಗರಿಬ್ಯಾಳಿ ಸಿಕ್ಕೈತಿ. ನನಗ ಕಾಣಂಗಿಲ್ಲ. ಆ ದಾರ ತಂದು ತಗದು ಕೊಡ ಬೇ."

"ನೋವಾಗ್ತೈತಿ ಆಯಿ."

"ನೋವಾದ್ರ ನಾ ಕೈ ಎತ್ತತೀನಿ. ನೀ ನಿಂದರು."

ಆ ಬಾಯಲ್ಲಿ ಉಳಿದದ್ದೇ ಏಳೋ ಎಂಟೋ ಹಲ್ಲು. ಶಾಂತಾ ಉಸಿರು ಹಿಡಿದು ದಾರ ಇಳಿಸಿದಳು. ಅತ್ತೆ ಎರಡು ಸಲ ಕೈ ಎತ್ತಿದರು. ಎರಡು ಸಲವೂ ಅವಳು ದಾರ ನಿಲ್ಲಿಸಿದಳು.

"ಹಗೂರ ಕೈ ನಿಂದು," ಎಂದರು ಅತ್ತೆ. "ಈಗ ಯಾರ ಪಾಳಿ?"

ಹುಡುಗಿ ತಾನಾಗಿ ಬಾಯಿ ತೆರೆದಳು! ಅತ್ತೆಯ ಬೆರಳು ನಡುಗುತ್ತವೆ. ಅದಕ್ಕೇ ಅವು ನಿಧಾನ. ಶಾಂತಾ ಒಮ್ಮೆಯೂ ಕೈ ಎತ್ತಲಿಲ್ಲ.

ಎಂಟು ದಿನ, ದಿನಾ ಊಟವಾದ ಮೇಲೆ ಇಬ್ಬರದೂ ಇದೇ ಕಾರ್ಯಕ್ರಮ. ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳೇಕೆ ಹೇಳಲಿ?

ಭಾನುವಾರ ಅತ್ತೆ ಊರಿಗೆ ಹೋದರು. ಇನ್ನು ಮುಗಿಯಿತು ಅಂದುಕೊಂಡೆ. ಸೋಮವಾರ ಶಾಂತಾ ದಾರ ಹಿಡಿದು ಅಡುಗೆಮನೆಗೆ ಬಂದಳು. "ಯವ್ವಾ, ಕುಂಡ್ರು. ಮೊದಲ ನಿಂದು, ಆಮ್ಯಾಲ ನಂದು."

ಕುದಿಯುತ್ತಿದ್ದ ಅನ್ನ ಇಳಿಸಿ ಕೂತೆ. ಅವಳ ಪುಟ್ಟ ಬೆರಳು ಹಿಂದಿನ ಹಲ್ಲೊಂದರ ಹತ್ತಿರ ನಿಂತಿತು.

"ಇದು ತೂತು ಬಿದ್ದೈತಿ! ನೋಯ್ತೈತೇನ ಬೇ? ಎಂದಿನಿಂದ?"

ಮೂರು ವರ್ಷದಿಂದ. ಈ ಮನೆಯಲ್ಲಿ ಅದನ್ನು ಕೇಳಿದವಳು ಅವಳೊಬ್ಬಳೇ.

ನಿಮ್ಮ ಮನೆಯಲ್ಲಿ ಅವ್ವನ ಹಲ್ಲು ನೋಡಿದವರು ಯಾರಾದರೂ ಇದ್ದಾರೆಯೇ?