ಯೋಗದ ಮಾಸ್ತರರೂ ನನ್ನ ಗೊರಕೆಯೂ

ಸಂತಪುರದ ನಮ್ಮ ಶಾಲೆಯ ಯೋಗದ ಮಾಸ್ತರರು ಮಾತಿಗೊಮ್ಮೆ ಹೊಟ್ಟೆ ಸವರಿಕೊಂಡು, "ಉಸುರು ಬಿಡ್ರಿ, ಚಿಂತಿ ಬಿಡ್ರಿ" ಅನ್ನುವರು. ವೃಕ್ಷಾಸನಕ್ಕೆ ನಿಂತರೆ ನಾನು ಇಡೀ ಸಾಲನ್ನೇ ಕೆಡವುತ್ತಿದ್ದೆ. "ಬರಗಾಲದಾಗ ಇಂಥ ಗಿಡಾನೇ ಬೆಳಿತಾವ, ಏಳೋ!" ಎಂದು ನಗುವರು.

ಆ ಬರದ ವರ್ಷ ಅಪ್ಪ ನನ್ನ ಶಾಲೆ ಬಿಡಿಸಿ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಒಯ್ಯಲು ಬಟ್ಟೆಗಂಟಿನ ಸಮೇತ ಯೋಗದ ತರಗತಿಗೇ ಬಂದ. ನಾನು ಶವಾಸನದಲ್ಲಿ ಗೊರಕೆ ಹೊಡೆಯುತ್ತಿದ್ದೆ.

"ಬಸ್ಸಿಗಿ ಇನ್ನಾ ಟೈಮ್ ಅದ. ನೀವೂ ಮಲ್ಕೋರಿ ಯಜಮಾನ್ರ, ಉಸುರು ಬಿಡ್ರಿ," ಎಂದರು ಮಾಸ್ತರರು.

ಮಲಗಿದ ಅಪ್ಪ ನನ್ನನ್ನೂ ಮೀರಿಸಿ ಗೊರಕೆ ಹೊಡೆದ. ಬಸ್ಸು ಹೋಯಿತು. ಮಾಸ್ತರರು ಎಬ್ಬಿಸಲಿಲ್ಲ.

ಅಷ್ಟರಲ್ಲಿ ಎಚ್ಚರವಾದ ನಾನು ಅಪ್ಪನ ಬೈಗುಳಕ್ಕೆ ಹೆದರಿ ಕಂಬದ ಹಿಂದೆ ಅಡಗಿದೆ. ಎದ್ದ ಅಪ್ಪ ಕಣ್ಣೊರೆಸಿಕೊಂಡು, "ಹಿಂಗ ನಿದ್ದಿ ಬಂದು ತಿಂಗಳಾಗಿತ್ರಿ ಮಾಸ್ತರ. ಈ ಪೋರನ ನಿದ್ದಿ ಯಾಕ ಕೆಡಸ್ಲಿ? ಶಾಲ್ಯಾಗೇ ಇರ್ಲಿ," ಎಂದವನೇ ಗಂಟು ಹೊತ್ತು ಮುಂದಿನ ಬಸ್ಸಿಗೆ ಒಬ್ಬನೇ ನಡೆದ.